ಎಸ್‌ಕ್ಯುಎಲ್ ಬಾರದವರು ಡೇಟಾಬೇಸನ್ನು ಪ್ರಶ್ನೆ ಕೇಳುವುದು: ಹಾಲಿನ ಸಂಘದ ಲೆಕ್ಕ ಇಟ್ಟುಕೊಂಡು

ಹಾಲಿನ ಸಂಘದ ಕಾರ್ಯದರ್ಶಿಗೆ ಜನ ಕೇಳುವ ಪ್ರಶ್ನೆಗಳು ಸಾಫ್ಟ್‌ವೇರ್ ಕೊಡುವ ರಿಪೋರ್ಟುಗಳಲ್ಲಿ ಇರುವುದಿಲ್ಲ. ಬಟವಾಡೆ ಪಟ್ಟಿ, ದಿನದ ಸಂಗ್ರಹ, ಸದಸ್ಯರ ಲೆಡ್ಜರ್ ಇವೆಲ್ಲ ಗುಂಡಿ ಒತ್ತಿದರೆ ಪ್ರಿಂಟ್ ಆಗುತ್ತವೆ. ಆದರೆ ಅಧ್ಯಕ್ಷರು ಬಂದು "ಸಂಜೆ ಹಾಲಿನಲ್ಲಿ ಮಾತ್ರ ಫ್ಯಾಟು ಇಳಿಯುತ್ತಿರೋದು ಯಾರದ್ದು ಹೇಳಮ್ಮ" ಅಂದರೆ ಅದಕ್ಕೆ ಮೆನುವಿನಲ್ಲಿ ಗುಂಡಿ ಇಲ್ಲ. ಮಹಾಸಭೆ ಹತ್ತಿರ ಬಂದಾಗ "ನಾನು ವರ್ಷದಲ್ಲಿ ಎಷ್ಟು ದಿನ ಹಾಲು ಹಾಕಿದ್ದೀನಿ, ನನಗೆ ಓಟು ಇದೆಯೋ ಇಲ್ಲವೋ" ಎಂದು ಕೇಳುವವರಿಗೂ ಇಲ್ಲ. ಉತ್ತರ ಕಂಪ್ಯೂಟರಿನೊಳಗಿನ ಡೇಟಾಬೇಸಿನಲ್ಲೇ, ಅಂದರೆ ಲೆಕ್ಕವೆಲ್ಲ ಸಾಲು, ಕಾಲಂಗಳ ಟೇಬಲ್‌ಗಳಾಗಿ ಕೂತಿರುವ ಕಡತದಲ್ಲೇ ಇದೆ. ಅದನ್ನು ಹೊರಗೆ ತೆಗೆಯಲು ಎಸ್‌ಕ್ಯುಎಲ್ (ಡೇಟಾಬೇಸನ್ನು ಪ್ರಶ್ನೆ ಕೇಳುವ ಕಂಪ್ಯೂಟರ್ ಭಾಷೆ) ಕಲಿತಿರಬೇಕು ಎಂದು ಹೆದರಿ ಎಷ್ಟೋ ಸಂಘಗಳಲ್ಲಿ ಮತ್ತೆ ರಿಜಿಸ್ಟರ್ ಬಿಚ್ಚಿ ಕ್ಯಾಲ್ಕ್ಯುಲೇಟರ್ ಹಿಡಿದು ಕೂರುತ್ತಾರೆ.

ಕಲಿಯದೆಯೂ ಆಗುತ್ತದೆ. ಎರಡು ಉಚಿತ ಸಾಫ್ಟ್‌ವೇರ್ ಸಾಕು: ನೋಡುವುದಕ್ಕೆ 'ಡಿಬಿ ಬ್ರೌಸರ್ ಫಾರ್ ಎಸ್‌ಕ್ಯುಲೈಟ್', ಕೇಳುವುದಕ್ಕೆ ಲಿಬ್ರೆಆಫೀಸ್‌ನಲ್ಲಿ ಬರುವ 'ಬೇಸ್'. ನಾನು ಎರಡನ್ನೂ ಬಳಸುತ್ತೇನೆ, ಎರಡಕ್ಕೂ ಬೇರೆ ಬೇರೆ ಕೆಲಸ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರುವ ಎಲ್ಲ ಎಡವಟ್ಟಿನ ಬೇರೂ ಅಲ್ಲೇ ಇದೆ. ಟೇಬಲ್ ತೆರೆದ ಕೂಡಲೇ "ಇಲ್ಲಿ ಒಂದು ಸಾಲು ಅಂದರೆ ಏನು?" ಎಂದು ಕೇಳಿಕೊಳ್ಳಿ. ನಮ್ಮ ಹಾಲಿನ ಟೇಬಲ್‌ನಲ್ಲಿ ಒಂದು ಸಾಲು ಒಬ್ಬ ಸದಸ್ಯರೂ ಅಲ್ಲ, ಒಂದು ದಿನವೂ ಅಲ್ಲ. ಒಬ್ಬರು ಒಂದು ಹೊತ್ತಿನಲ್ಲಿ ಒಂದು ಸಲ ಸುರಿದ ಹಾಲು, ಅಷ್ಟೇ. ಬೆಳಿಗ್ಗೆ, ಸಂಜೆ ಎರಡೂ ಹೊತ್ತು ತಂದವರಿಗೆ ದಿನಕ್ಕೆ ಎರಡು ಸಾಲು. ಹಸುವಿನ ಹಾಲು ಬೇರೆ, ಎಮ್ಮೆ ಹಾಲು ಬೇರೆ ಕ್ಯಾನಿನಲ್ಲಿ ತಂದರೆ ನಾಲ್ಕು. ಇದು ತಲೆಯಲ್ಲಿದ್ದರೆ ಅರ್ಧ ಕೆಲಸ ಮುಗಿಯಿತು.

ಮೊದಲು ನಕಲು

ಕಲೆಕ್ಷನ್ ಸಾಫ್ಟ್‌ವೇರಿನ ಮೂಲ ಡೇಟಾಬೇಸನ್ನು ಮುಟ್ಟಬೇಡಿ. ಬಹುತೇಕ ಎಲ್ಲದರಲ್ಲೂ 'ಎಕ್ಸ್‌ಪೋರ್ಟ್' ಎಂದೋ 'ಸೇವ್ ಆ್ಯಸ್ ಸಿಎಸ್‌ವಿ' ಎಂದೋ ಇರುತ್ತದೆ. ಸಿಎಸ್‌ವಿ ಎಂದರೆ ಕಾಲಂಗಳ ನಡುವೆ ಅಲ್ಪವಿರಾಮದಂಥ ಚಿಹ್ನೆ ಹಾಕಿದ ಸಾದಾ ಅಕ್ಷರದ ಫೈಲು. ಮೂರು ಫೈಲು ತೆಗೆದುಕೊಳ್ಳಿ: ಸದಸ್ಯರ ಪಟ್ಟಿ, ಹಾಲಿನ ಸಂಗ್ರಹ, ಪಶು ಆಹಾರದ ಸಾಲದ ಮಾರಾಟ. ಸದಸ್ಯರ ಪಟ್ಟಿಯಲ್ಲಿ ಬ್ಯಾಂಕ್ ಖಾತೆ ಸಂಖ್ಯೆ, ಆಧಾರ್, ಫೋನ್ ಇದ್ದರೆ ಆ ಕಾಲಂಗಳನ್ನು ಅಳಿಸಿಯೇ ಮುಂದಕ್ಕೆ ಹೋಗಿ. ನಮ್ಮ ಪ್ರಶ್ನೆಗಳಿಗೆ ಅವು ಬೇಕಿಲ್ಲ, ಪೆನ್‌ಡ್ರೈವ್ ಕಳೆದುಹೋಗುವುದೇನು ಅಪರೂಪವೇ?

ಎಕ್ಸ್‌ಪೋರ್ಟ್ ಮಾಡುವಾಗ ಹಳೆಯ ಎಕ್ಸೆಲ್ ಮಾದರಿ ಕೇಳಿದರೆ ಬೇಡ ಎನ್ನಿ. ಹಳೆಯ ಎಕ್ಸ್‌ಎಲ್‌ಎಸ್ ಹಾಳೆಗೆ 65,536 ಸಾಲಿನ ಮಿತಿ. 180 ಜನ ಎರಡು ಹೊತ್ತು ಹಾಲು ಹಾಕುವ ಸಂಘದಲ್ಲಿ ದಿನಕ್ಕೆ 360 ಸಾಲು, ಅಂದರೆ ಆರು ತಿಂಗಳಿಗೆ ಹಾಳೆ ತುಂಬಿತು. ಉಳಿದ ಆರು ತಿಂಗಳ ಹಾಲು ಆ ಹಾಳೆಯಲ್ಲಿ ಇರುವುದೇ ಇಲ್ಲ. ಸಿಎಸ್‌ವಿಗೆ ಈ ತೊಂದರೆ ಇಲ್ಲ.

ಕನ್ನಡದ ಹೆಸರುಗಳದ್ದು ಬೇರೆ ಕಥೆ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಹೊಡೆದ ಹೆಸರುಗಳು ಹೊರಗೆ ಬಂದಾಗ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲಾಗಿ ಕಾಣುತ್ತವೆ. ಡೇಟಾ ಹಾಳಾಗಿಲ್ಲ, ಎಲ್ಲ ಕಂಪ್ಯೂಟರೂ ಓದುವ ಯೂನಿಕೋಡ್ ಸಂಕೇತಕ್ಕೆ ಬದಲಾಗಿಲ್ಲ ಅಷ್ಟೇ. ಆಸ್ಕಿಯಿಂದ (ಆ ಹಳೆಯ ಫಾಂಟುಗಳ ಬಗೆ) ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಹೆಸರಿನ ಕಾಲಂ ಒಂದನ್ನೇ ಅದರಲ್ಲಿ ಹಾಕಿ ತೆಗೆಯಿರಿ. ಆಮೇಲೂ ಹೆಸರಿನ ಮೇಲೆ ಲೆಕ್ಕ ಕೂಡಿಸಲು ಹೋಗಬೇಡಿ. ನಮ್ಮ ಊರಿನಲ್ಲಿ ಒಂದೇ ಹೆಸರಿನ 'ಜಯಮ್ಮ' ಎಷ್ಟು ಜನರಿದ್ದಾರೋ! ಲೆಕ್ಕವೆಲ್ಲ ಸದಸ್ಯರ ಕೋಡಿನ ಮೇಲೆ.

ಬರೀ ನೋಡುವುದು

ಡಿಬಿ ಬ್ರೌಸರ್ ತೆರೆದು 'ನ್ಯೂ ಡೇಟಾಬೇಸ್' ಒತ್ತಿ, ಫೈಲಿಗೆ ಹೆಸರು ಕೊಡಿ. ಟೇಬಲ್ ಮಾಡುವ ಕಿಟಕಿ ತಾನಾಗಿ ಬಂದರೆ ಕ್ಯಾನ್ಸಲ್ ಮಾಡಿ. 'ಫೈಲ್' ಮೆನುವಿನಲ್ಲಿ 'ಇಂಪೋರ್ಟ್', ಅದರೊಳಗೆ 'ಟೇಬಲ್ ಫ್ರಮ್ ಸಿಎಸ್‌ವಿ ಫೈಲ್'. ಮೊದಲ ಸಾಲಿನಲ್ಲಿ ಕಾಲಂ ಹೆಸರಿದೆ ಎಂಬ ಚೌಕಕ್ಕೆ ಟಿಕ್ ಹಾಕಿ, ಎನ್‌ಕೋಡಿಂಗ್ ಯುಟಿಎಫ್-8 ಇರಲಿ. ಕೆಳಗಿನ ಮುನ್ನೋಟದಲ್ಲಿ ಕಾಲಂಗಳು ಬಿಡಿಬಿಡಿಯಾಗಿ ಕಂಡರೆ ಸರಿ. ಎಲ್ಲ ಒಂದೇ ಕಾಲಂನಲ್ಲಿ ಅಂಟಿಕೊಂಡಿದ್ದರೆ ನಡುವಿನ ಚಿಹ್ನೆ ಅಲ್ಪವಿರಾಮವೋ, ಸೆಮಿಕೋಲನ್ನೋ, ಟ್ಯಾಬೋ ಎಂದು ಬದಲಿಸಿ ನೋಡಿ. ಇಂಪೋರ್ಟ್ ಆದ ಮೇಲೆ 'ರೈಟ್ ಚೇಂಜಸ್' ಒತ್ತಿದರೆ ಫೈಲಿಗೆ ಉಳಿಯಿತು.

ಮುಂದಿನ ಸಲದಿಂದ ಅದೇ ಫೈಲನ್ನು 'ಓಪನ್ ಡೇಟಾಬೇಸ್ ರೀಡ್ ಓನ್ಲಿ' ಎಂದು ತೆರೆಯಿರಿ. ಈ ಸಾಫ್ಟ್‌ವೇರಿನಲ್ಲಿ ಟೇಬಲ್‌ನ ಒಂದು ಮನೆಯ (ಚೌಕದ) ಮೇಲೆ ಎರಡು ಸಲ ಕ್ಲಿಕ್ ಮಾಡಿ ಟೈಪ್ ಮಾಡಿದರೆ ಅಂಕಿಯೇ ಬದಲಾಗುತ್ತದೆ. ನೋಡಲು ಕೂತವರಿಗೆ ಬದಲಿಸುವ ಅಧಿಕಾರ ಯಾಕೆ?

ಈಗ 'ಬ್ರೌಸ್ ಡೇಟಾ' ಟ್ಯಾಬ್. ಪ್ರತಿ ಕಾಲಂ ತಲೆಯ ಕೆಳಗೆ 'ಫಿಲ್ಟರ್' ಎಂಬ ಖಾಲಿ ಪಟ್ಟಿ ಇದೆ. ಇದರಷ್ಟು ಉಪಯೋಗದ ಜಾಗ ಇನ್ನೊಂದಿಲ್ಲ. ಹೊತ್ತಿನ ಕಾಲಂ ಕೆಳಗೆ ಸಂಜೆಯ ಗುರುತು ಏನಿದೆಯೋ ಅದನ್ನು ಹಾಕಿ, ಫ್ಯಾಟು ಕಾಲಂ ಕೆಳಗೆ <3.5 ಎಂದು ಹಾಕಿ. ಸಂಜೆ ಹೊತ್ತಿನ, 3.5ಕ್ಕಿಂತ ಕಡಿಮೆ ಫ್ಯಾಟಿನ ಸಾಲುಗಳಷ್ಟೇ ಉಳಿದವು. ಎಷ್ಟು ಸಾಲು ಎಂಬುದು ಕೆಳಗಿನ ಅಂಚಿನಲ್ಲಿ ಕಾಣುತ್ತದೆ. ನಡುವಿನ ಅಂಕಿ ಬೇಕಿದ್ದರೆ 3.5~4 ಎಂದು ಅಲೆಯ ಗೆರೆ ಹಾಕಿ. ಬರೀ 12 ಎಂದು ಹಾಕಿದರೆ ಮಾತ್ರ 12, 112, 120 ಎಲ್ಲವೂ ಬರುತ್ತವೆ, ಏಕೆಂದರೆ ಅದು 'ಇದನ್ನು ಒಳಗೊಂಡದ್ದು' ಎಂದು ಹುಡುಕುತ್ತದೆ. 12ನೇ ಸದಸ್ಯರೇ ಬೇಕಿದ್ದರೆ =12 ಎನ್ನಬೇಕು.

ಕಾಲಂ ತಲೆಯ ಮೇಲೆ ಕ್ಲಿಕ್ ಮಾಡಿದರೆ ಸಾಲುಗಳು ಏರಿಕೆ ಇಳಿಕೆ ಕ್ರಮಕ್ಕೆ ಬರುತ್ತವೆ. ಲೀಟರ್ ಕಾಲಂ ಮೇಲೆ ಇದನ್ನು ಮಾಡಿ ಎರಡೂ ತುದಿ ನೋಡಿ. ದಿನಾ 8 ಲೀಟರ್ ತರುವವರ ಹೆಸರಿನಲ್ಲಿ 80 ಇದೆಯೇ? ಫ್ಯಾಟು 35 ಇದೆಯೇ? ಚುಕ್ಕಿ ಬಿಟ್ಟುಹೋದ ಸಾಲುಗಳೆಲ್ಲ ತುದಿಗೆ ಬಂದು ನಿಲ್ಲುತ್ತವೆ. ಕರೆಂಟು ಹೋಗಿ ಕೈಯಲ್ಲಿ ಎಂಟ್ರಿ ಮಾಡಿದ ದಿನಗಳನ್ನು ಹೀಗೆಯೇ ಹಿಡಿಯಬಹುದು. ಯಾವ ಮೊತ್ತವನ್ನೂ ಕೂಡಿಸುವ ಮೊದಲು ಈ ಹತ್ತು ನಿಮಿಷದ ಕೆಲಸ ಆಗಬೇಕು ಎಂಬುದು ನನ್ನ ಹಟ.

ದಿನಾಂಕದ ಕಾಲಂ ಒಂದನ್ನು ಇಲ್ಲಿ ನಂಬಬೇಡಿ. ಎಸ್‌ಕ್ಯುಲೈಟ್‌ನಲ್ಲಿ (ಡಿಬಿ ಬ್ರೌಸರ್ ತೆರೆಯುವ ಡೇಟಾಬೇಸಿನ ಬಗೆ) ಸಿಎಸ್‌ವಿಯ ದಿನಾಂಕ ಬರೀ ಅಕ್ಷರಗಳಾಗಿ ಕೂರುತ್ತದೆ. 05-01-2024 ಎಂದು ದಿನ ಮೊದಲು ಬರೆದಿದ್ದರೆ, ಕ್ರಮಕ್ಕೆ ಹಾಕಿದಾಗ ಎಲ್ಲ ತಿಂಗಳ ಒಂದನೇ ತಾರೀಖು ಒಟ್ಟಿಗೆ, ಎರಡನೇ ತಾರೀಖು ಒಟ್ಟಿಗೆ ಬರುತ್ತವೆ. ವರ್ಷ-ತಿಂಗಳು-ದಿನ ಎಂದಿದ್ದರೆ ಮಾತ್ರ ಕ್ರಮ ಸರಿಬರುತ್ತದೆ. ಇದನ್ನು ಮುಂದಿನ ಹಂತದಲ್ಲಿ ಸರಿಮಾಡೋಣ.

ಪ್ರಶ್ನೆಯ ಪಟ್ಟಿ

ಫಿಲ್ಟರ್ ಸಾಲುಗಳನ್ನು ಆರಿಸಿಕೊಡುತ್ತದೆ, ಆದರೆ ಸದಸ್ಯವಾರು ಕೂಡಿಸಿ ಕೊಡುವುದಿಲ್ಲ. ಅದಕ್ಕೆ ಬೇಸ್. ಬೇಸ್‌ನಲ್ಲಿರುವ ಪ್ರಶ್ನೆಯ ಪಟ್ಟಿ ಹೊಸ ಕಲ್ಪನೆಯೇನಲ್ಲ. 1970ರ ದಶಕದ ನಡುವಿನಲ್ಲಿ ಐಬಿಎಂ ಸಂಶೋಧನಾಲಯದ ಮೋಶೆ ಝ್ಲೂಫ್ ಎಂಬುವರು 'ಕ್ವೆರಿ ಬೈ ಎಕ್ಸಾಂಪಲ್' (ಮಾದರಿ ತೋರಿಸಿ ಪ್ರಶ್ನೆ ಕೇಳುವುದು, ಕ್ವೆರಿ ಎಂದರೆ ಪ್ರಶ್ನೆ) ಎಂದು ಇದನ್ನು ರೂಪಿಸಿದರು. ಖಾಲಿ ಟೇಬಲ್ ತೋರಿಸಿ, ನಿಮಗೆ ಬೇಕಾದ ಉತ್ತರದ ಮಾದರಿಯನ್ನು ಅದರ ಮನೆಗಳಲ್ಲಿ ತುಂಬಿ ಎನ್ನುವ ಬಗೆ. ಎಸ್‌ಕ್ಯುಎಲ್ ಹುಟ್ಟಿದ್ದೂ ಅದೇ ಐಬಿಎಂನಲ್ಲಿ, ಅದೇ ದಶಕದಲ್ಲಿ. ಮೈಕ್ರೋಸಾಫ್ಟ್ ಆಕ್ಸೆಸ್‌ನ ಕ್ವೆರಿ ಕಿಟಕಿಯೂ ಇದೇ ವಂಶದ್ದು. ಸಂಘದಲ್ಲಿ ಆಕ್ಸೆಸ್ ಇದ್ದರೆ ಮುಂದೆ ಹೇಳುವುದರಲ್ಲಿ ಬಹುಪಾಲು ಅಲ್ಲೂ ನಡೆಯುತ್ತದೆ, ಗುಂಡಿಗಳ ಹೆಸರು ಮಾತ್ರ ಬೇರೆ.

ಬೇಸ್ ತೆರೆದು ಹೊಸ ಡೇಟಾಬೇಸ್ ಮಾಡಿ, 'ಎಂಬೆಡೆಡ್' ಎಂಬುದರಲ್ಲಿ ಎಚ್‌ಎಸ್‌ಕ್ಯುಎಲ್‌ಡಿಬಿ ಆರಿಸಿ. ಇದಕ್ಕೆ ಕಂಪ್ಯೂಟರಿನಲ್ಲಿ ಜಾವಾ ಇರಬೇಕು. ಜಾವಾ ಇಲ್ಲ ಎಂಬ ದೂರು ಬಂದರೆ ಹಾಕಿಕೊಳ್ಳಿ, ಲಿಬ್ರೆಆಫೀಸ್ 64 ಬಿಟ್ ಆಗಿದ್ದರೆ ಜಾವಾವೂ 64 ಬಿಟ್ ಆಗಿರಲಿ.

ಸಿಎಸ್‌ವಿಯನ್ನು ಒಳಗೆ ತರುವ ದಾರಿ ಸ್ವಲ್ಪ ಸುತ್ತು. ಮೊದಲು ಅದನ್ನು ಕ್ಯಾಲ್ಕ್‌ನಲ್ಲಿ (ಲಿಬ್ರೆಆಫೀಸ್‌ನ ಎಕ್ಸೆಲ್‌ನಂಥ ಭಾಗ) ತೆರೆಯಿರಿ. ಆಗ ಬರುವ 'ಟೆಕ್ಸ್ಟ್ ಇಂಪೋರ್ಟ್' ಕಿಟಕಿಯನ್ನು ಓದದೆ ಓಕೆ ಒತ್ತುವುದೇ ಎಲ್ಲರ ಅಭ್ಯಾಸ, ಅಲ್ಲೇ ನಿಲ್ಲಿ. ಕೆಳಗಿನ ಮುನ್ನೋಟದಲ್ಲಿ ದಿನಾಂಕದ ಕಾಲಂ ಆರಿಸಿ, ಅದರ ಬಗೆ 'ಡೇಟ್ ಡಿಎಂವೈ' ಎಂದು ಮಾಡಿ. ಹೀಗೆ ಹೇಳದಿದ್ದರೆ ಅಮೆರಿಕದ ಸೆಟ್ಟಿಂಗ್ ಇರುವ ಕಂಪ್ಯೂಟರಿನಲ್ಲಿ ಏಪ್ರಿಲ್ 3 ಹೋಗಿ ಮಾರ್ಚ್ 4 ಆಗಬಹುದು. ಸದಸ್ಯರ ಕೋಡಿನ ಕಾಲಂಗೆ 'ಟೆಕ್ಸ್ಟ್' ಎಂದು ಕೊಡಿ, 007 ಎಂಬುದು 7 ಆಗದಿರಲಿ. ಮೂರೂ ಫೈಲಿನಲ್ಲಿ ಕೋಡನ್ನು ಒಂದೇ ರೀತಿ ಇಡಬೇಕು. ಒಂದರಲ್ಲಿ ಅಕ್ಷರ, ಇನ್ನೊಂದರಲ್ಲಿ ಅಂಕಿ ಎಂದಾದರೆ ಆಮೇಲೆ ಜೋಡಿ ಕೂಡುವುದಿಲ್ಲ.

ಆಮೇಲೆ ಎಲ್ಲವನ್ನೂ ಆರಿಸಿ ಕಾಪಿ ಮಾಡಿ, ಬೇಸ್‌ನ 'ಟೇಬಲ್ಸ್' ಭಾಗದಲ್ಲಿ ಪೇಸ್ಟ್ ಮಾಡಿ. ಬರುವ ಕಿಟಕಿಯಲ್ಲಿ ಟೇಬಲ್ ಹೆಸರು ಕೊಟ್ಟು 'ಡೆಫಿನಿಷನ್ ಅಂಡ್ ಡೇಟಾ' ಆರಿಸಿ, ಮೊದಲ ಸಾಲು ಕಾಲಂ ಹೆಸರು ಎಂಬುದಕ್ಕೂ 'ಕ್ರಿಯೇಟ್ ಪ್ರೈಮರಿ ಕೀ' (ಪ್ರತಿ ಸಾಲಿಗೂ ಬೇರೆ ಬೇರೆ ಗುರುತು ಸಂಖ್ಯೆ) ಎಂಬುದಕ್ಕೂ ಟಿಕ್ ಹಾಕಿ. ಮುಂದಿನ ಹಂತದಲ್ಲಿ ಎಲ್ಲ ಕಾಲಂ ಬಲಕ್ಕೆ ಸರಿಸಿ. ಅದರ ಮುಂದಿನದರಲ್ಲಿ ಲೀಟರ್, ಫ್ಯಾಟು, ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ), ಮೊತ್ತ ಇವು 'ಡೆಸಿಮಲ್' ಆಗಿವೆಯೇ, ದಶಮಾಂಶ ಸ್ಥಾನ 2 ಇದೆಯೇ ನೋಡಿ. ಅಲ್ಲಿ ಸೊನ್ನೆ ಇದ್ದರೆ 8.6 ಲೀಟರಿನ ಚುಕ್ಕಿಯ ನಂತರದ್ದು ಉಳಿಯುವುದಿಲ್ಲ. ಇಡೀ ವರ್ಷದ ಡೇಟಾ ಒಟ್ಟಿಗೆ ಪೇಸ್ಟ್ ಮಾಡಿದರೆ ಹಳೆಯ ಕಂಪ್ಯೂಟರ್ ತೂಕಡಿಸುತ್ತದೆ. ಒಂದೊಂದು ತಿಂಗಳು ಮಾಡಿ, ಎರಡನೇ ತಿಂಗಳಿಂದ 'ಅಪೆಂಡ್ ಡೇಟಾ' ಆರಿಸಿ.

ಈಗ 'ಕ್ವೆರೀಸ್' ಭಾಗಕ್ಕೆ ಹೋಗಿ 'ಕ್ರಿಯೇಟ್ ಕ್ವೆರಿ ಇನ್ ಡಿಸೈನ್ ವ್ಯೂ' ಒತ್ತಿ, ಹಾಲಿನ ಟೇಬಲ್ ಸೇರಿಸಿ. ಮೇಲೆ ಟೇಬಲ್‌ನ ಚೌಕ, ಕೆಳಗೆ ಖಾಲಿ ಪಟ್ಟಿ. ಕೋಡ್, ಲೀಟರ್ ಎರಡನ್ನೂ ಎರಡು ಸಲ ಕ್ಲಿಕ್ ಮಾಡಿದರೆ ಪಟ್ಟಿಗೆ ಇಳಿಯುತ್ತವೆ. ಪಟ್ಟಿಯಲ್ಲಿ 'ಫಂಕ್ಷನ್' ಎಂಬ ಸಾಲಿದೆ: ಕೋಡಿನ ಕೆಳಗೆ 'ಗ್ರೂಪ್', ಲೀಟರಿನ ಕೆಳಗೆ 'ಸಮ್'. ಎಫ್5 ಒತ್ತಿ. ಸದಸ್ಯವಾರು ಒಟ್ಟು ಲೀಟರ್ ಬಂತು. 'ಕ್ರೈಟೀರಿಯನ್' ಸಾಲಿನಲ್ಲಿ ಷರತ್ತು ಬರೆಯಬಹುದು. ಒಂದೇ ಸಾಲಿನಲ್ಲಿ ಬರೆದ ಷರತ್ತುಗಳು ಎಲ್ಲವೂ ಕೂಡಬೇಕು, ಕೆಳಗಿನ 'ಆರ್' ಸಾಲಿನಲ್ಲಿ ಬರೆದದ್ದು ಇದಾದರೂ ಸರಿ ಅದಾದರೂ ಸರಿ ಎಂದಾಗುತ್ತದೆ.

ಎಷ್ಟು ದಿನ ಹಾಲು ಹಾಕಿದ್ದಾರೆ?

ಮಹಾಸಭೆಯ ಪ್ರಶ್ನೆಗೆ ಬರೋಣ. ವರ್ಷಕ್ಕೆ ಕನಿಷ್ಠ 180 ದಿನ ಎಂದಿಟ್ಟುಕೊಳ್ಳೋಣ, ನಿಮ್ಮ ಬೈಲಾದಲ್ಲಿ ಏನಿದೆಯೋ ಅದನ್ನು ಹಾಕಿಕೊಳ್ಳಿ. ಕೋಡಿಗೆ 'ಗ್ರೂಪ್', ದಿನಾಂಕಕ್ಕೆ 'ಕೌಂಟ್' ಎಂದು ಹಾಕಿದರೆ ಉತ್ತರ ಬರುತ್ತದೆ, ಆದರೆ ಅದು ತಪ್ಪು ಉತ್ತರ. ನೂರು ದಿನ ಎರಡೂ ಹೊತ್ತು ಹಾಲು ಹಾಕಿದವರಿಗೆ ಇನ್ನೂರು ಎಂದು ತೋರಿಸಿ ಓಟು ಕೊಟ್ಟುಬಿಡುತ್ತದೆ. 190 ದಿನ ಬೆಳಿಗ್ಗೆ ಮಾತ್ರ ಹಾಕಿದ ಅಜ್ಜಿ ಅವರಿಗಿಂತ ಕೆಳಗೆ ಕಾಣುತ್ತಾರೆ. ಸಾಲು ಎಣಿಸಿದೆವು, ದಿನ ಎಣಿಸಲಿಲ್ಲ.

ಎರಡು ಮೆಟ್ಟಿಲಿನಲ್ಲಿ ಮಾಡಿ. ಮೊದಲ ಕ್ವೆರಿಯಲ್ಲಿ ಕೋಡ್, ದಿನಾಂಕ ಎರಡೇ ಕಾಲಂ, ಫಂಕ್ಷನ್ ಏನೂ ಬೇಡ. ದಿನಾಂಕದ ಕೆಳಗೆ ವರ್ಷದ ಮೊದಲ, ಕೊನೆಯ ತಾರೀಖಿನ ಷರತ್ತು. ಮೇಲಿನ ಪಟ್ಟಿಯಲ್ಲಿ 'ಡಿಸ್ಟಿಂಕ್ಟ್ ವ್ಯಾಲ್ಯೂಸ್' ಗುಂಡಿ ಒತ್ತಿ. ಒಂದೇ ಕೋಡ್, ಒಂದೇ ದಿನಾಂಕ ಎಷ್ಟು ಸಲ ಇದ್ದರೂ ಒಂದೇ ಸಾಲಾಗಿ ಉಳಿಯುತ್ತದೆ. ಈಗ ಒಂದು ಸಾಲು ಎಂದರೆ ಒಬ್ಬರ ಒಂದು ದಿನ. ಇದನ್ನು 'ಹಾಕಿದ ದಿನ' ಎಂದು ಸೇವ್ ಮಾಡಿ. ಎರಡನೇ ಕ್ವೆರಿ ಮಾಡುವಾಗ ಟೇಬಲ್ ಸೇರಿಸುವ ಕಿಟಕಿಯಲ್ಲಿ 'ಕ್ವೆರೀಸ್' ಎಂಬುದನ್ನು ಆರಿಸಿದರೆ ಈಗ ಸೇವ್ ಮಾಡಿದ್ದೂ ಸಿಗುತ್ತದೆ. ಅದರ ಮೇಲೆ ಕೋಡಿಗೆ 'ಗ್ರೂಪ್', ದಿನಾಂಕಕ್ಕೆ 'ಕೌಂಟ್', ಅದರ ಷರತ್ತಿನಲ್ಲಿ >= 180. ಪಟ್ಟಿ ತಯಾರು.

ಕ್ವೆರಿಯ ಮೇಲೆ ಕ್ವೆರಿ ಕಟ್ಟುವ ಈ ಅಭ್ಯಾಸ ಒಂದು ಬಂದರೆ ಸಾಕು, ಉಳಿದದ್ದೆಲ್ಲ ಇದರ ಮೇಲೇ ನಡೆಯುತ್ತದೆ.

ಎರಡು ಟೇಬಲ್ ಜೋಡಿಸುವಾಗ

ಕೋಡಿನ ಜೊತೆ ಹೆಸರೂ ಬೇಕಲ್ಲ. ಸದಸ್ಯರ ಟೇಬಲನ್ನೂ ಸೇರಿಸಿ, ಒಂದರ ಕೋಡನ್ನು ಮೌಸಿನಲ್ಲಿ ಹಿಡಿದೆಳೆದು ಇನ್ನೊಂದರ ಕೋಡಿನ ಮೇಲೆ ಬಿಡಿ. ನಡುವೆ ಗೆರೆ ಬೀಳುತ್ತದೆ. ಗೆರೆ ಎಳೆಯಲು ಮರೆತರೆ ಪ್ರತಿ ಸದಸ್ಯರಿಗೂ ಊರಿನವರೆಲ್ಲರ ಹಾಲು ಸೇರಿಕೊಂಡು ಲಕ್ಷಗಟ್ಟಲೆ ಸಾಲು ಬರುತ್ತವೆ. ಅದು ಕಣ್ಣಿಗೆ ಹೊಡೆಯುವ ತಪ್ಪು, ಚಿಂತೆಯಿಲ್ಲ.

ಕಣ್ಣಿಗೆ ಕಾಣದ ತಪ್ಪು ಮೂರು ಟೇಬಲ್ ಜೋಡಿಸಿದಾಗ ಆಗುತ್ತದೆ. ಸದಸ್ಯರಿಂದ ಹಾಲಿಗೆ ಒಂದು ಗೆರೆ, ಸದಸ್ಯರಿಂದ ಪಶು ಆಹಾರಕ್ಕೆ ಒಂದು ಗೆರೆ. ನೋಡಲು ಚೆನ್ನಾಗಿಯೇ ಇರುತ್ತದೆ. ಒಬ್ಬರು ತಿಂಗಳಲ್ಲಿ ಎರಡೂ ಹೊತ್ತು ಹಾಕಿ 60 ಸಾಲು, 480 ಲೀಟರ್. ಸಾಲದ ಮೇಲೆ ₹1,200ರ ಎರಡು ಮೂಟೆ ಫೀಡ್ ತೆಗೆದುಕೊಂಡಿದ್ದಾರೆ, ಒಟ್ಟು ₹2,400. ಜೋಡಿಸಿದಾಗ ಪ್ರತಿ ಹಾಲಿನ ಸಾಲಿಗೂ ಪ್ರತಿ ಮೂಟೆ ಸೇರಿ 120 ಸಾಲಾಗುತ್ತದೆ. ಕೂಡಿಸಿ ನೋಡಿ: ಹಾಲು 960 ಲೀಟರ್, ಫೀಡ್ ಬಾಕಿ ₹1,44,000! ಫೀಡಿನ ಅಂಕಿ ಇಷ್ಟು ದೊಡ್ಡದಾದ್ದರಿಂದ ಗೊತ್ತಾಗುತ್ತದೆ. ಹಾಲಿನ ಅಂಕಿ ಬರೀ ದುಪ್ಪಟ್ಟಾಗಿ ಸಭ್ಯವಾಗಿ ಕೂತಿರುತ್ತದೆ, ಅದನ್ನು ಯಾರೂ ಅನುಮಾನಿಸುವುದಿಲ್ಲ.

ಪರಿಹಾರ ಅದೇ ಮೆಟ್ಟಿಲು. ಹಾಲನ್ನು ಕೋಡುವಾರು ಕೂಡಿಸಿದ ಕ್ವೆರಿ ಒಂದು, ಫೀಡನ್ನು ಕೋಡುವಾರು ಕೂಡಿಸಿದ್ದು ಇನ್ನೊಂದು. ಎರಡರಲ್ಲೂ ಈಗ ಒಬ್ಬರಿಗೆ ಒಂದೇ ಸಾಲು. ಮೂರನೆಯದರಲ್ಲಿ ಸದಸ್ಯರ ಟೇಬಲ್ ಜೊತೆ ಇವೆರಡನ್ನೂ ಗೆರೆ ಎಳೆದು ಜೋಡಿಸಿ.

ಜೋಡಿಸಿದ ಮೇಲೆ ಫೀಡ್ ಕೊಳ್ಳದವರ ಹೆಸರೇ ಮಾಯವಾಗಿದ್ದರೆ ಗಾಬರಿ ಬೇಡ. ಸಾಮಾನ್ಯ ಗೆರೆ ಎರಡೂ ಕಡೆ ಇರುವವರನ್ನಷ್ಟೇ ತೋರಿಸುತ್ತದೆ. ಗೆರೆಯ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ 'ಜಾಯಿನ್ ಪ್ರಾಪರ್ಟೀಸ್' ಬರುತ್ತದೆ. ಅಲ್ಲಿ 'ಲೆಫ್ಟ್' ಅಥವಾ 'ರೈಟ್' ಎಂದು ಬದಲಿಸಿದರೆ, ಸದಸ್ಯರ ಕಡೆಯ ಎಲ್ಲ ಸಾಲುಗಳೂ ಬರುತ್ತವೆ ಎಂದು ಕೆಳಗೆ ವಿವರಣೆ ಕಾಣುವುದನ್ನು ಆರಿಸಿ. ಫೀಡ್ ಇಲ್ಲದವರ ಮನೆ ಖಾಲಿ ಇರುತ್ತದೆ. ಆ ಖಾಲಿ ಸೊನ್ನೆಯಲ್ಲ. ಬಟವಾಡೆಯಲ್ಲಿ ಅದನ್ನು ಕಳೆಯಲು ಹೋದರೆ ಉತ್ತರವೂ ಖಾಲಿ ಬರುತ್ತದೆ. ಆ ಕಳೆಯುವ ಕೆಲಸವನ್ನು ನಾನು ಫಲಿತಾಂಶವನ್ನು ಕ್ಯಾಲ್ಕ್‌ಗೆ ಎಳೆದುಕೊಂಡು ಅಲ್ಲೇ ಮಾಡುತ್ತೇನೆ.

ಇದೇ ಖಾಲಿ ಮನೆ ಬಹಳ ಕೆಲಸಕ್ಕೆ ಬರುತ್ತದೆ. ಹೋದ ತಿಂಗಳು ಒಂದು ತೊಟ್ಟೂ ಹಾಕದ ಸದಸ್ಯರು ಯಾರು? ಮೊದಲು ಆ ತಿಂಗಳ ಹಾಲಿನದೇ ಒಂದು ಕ್ವೆರಿ ಮಾಡಿ ಸೇವ್ ಮಾಡಿ. ಆಮೇಲೆ ಸದಸ್ಯರ ಟೇಬಲನ್ನು ಅದಕ್ಕೆ ಎಲ್ಲ ಸದಸ್ಯರೂ ಬರುವಂತೆ ಜೋಡಿಸಿ, ಹಾಲಿನ ಕಡೆಯ ಕೋಡಿನ ಷರತ್ತಿನಲ್ಲಿ 'ಈಸ್ ಎಂಪ್ಟಿ' ಎಂದು ಇಂಗ್ಲಿಷಿನಲ್ಲಿ ಬರೆಯಿರಿ. ತಿಂಗಳ ಷರತ್ತನ್ನೂ ಖಾಲಿಯ ಷರತ್ತನ್ನೂ ಒಂದೇ ಪಟ್ಟಿಯಲ್ಲಿ ತುರುಕಿದರೆ ಒಬ್ಬರೂ ಬರುವುದಿಲ್ಲ. ಹಾಲೇ ಹಾಕದವರ ಸಾಲಿನಲ್ಲಿ ದಿನಾಂಕ ಎಲ್ಲಿಂದ ಬರಬೇಕು?

ಸರಾಸರಿ ಫ್ಯಾಟು

'ಫಂಕ್ಷನ್' ಸಾಲಿನಲ್ಲಿ 'ಆ್ಯವರೇಜ್' ಇದೆ ಎಂದು ಫ್ಯಾಟಿನ ಕೆಳಗೆ ಹಾಕಬೇಡಿ. ಬೆಳಿಗ್ಗೆ 10 ಲೀಟರ್ 3.5 ಫ್ಯಾಟು, ಸಂಜೆ 2 ಲೀಟರ್ 5 ಫ್ಯಾಟು ಬಂದರೆ ಅದು 4.25 ಎನ್ನುತ್ತದೆ. ಕ್ಯಾನಿನಲ್ಲಿರುವ ಹಾಲಿನ ಫ್ಯಾಟು 3.75. ಪಟ್ಟಿಯ 'ಫೀಲ್ಡ್' ಮನೆಯಲ್ಲಿ ಕಾಲಂ ಹೆಸರಿನ ಬದಲು ಲೀಟರ್ ಗುಣಿಸು ಫ್ಯಾಟು ಎಂದು ನಡುವೆ ನಕ್ಷತ್ರದ ಗುರುತು ಹಾಕಿ ಬರೆಯಬಹುದು. ಎರಡೂ ಕಾಲಂ ಹೆಸರು ಜೋಡಿ ಉದ್ಧರಣ ಚಿಹ್ನೆಯೊಳಗೆ ಇರಲಿ. ಅದಕ್ಕೆ 'ಸಮ್' ಕೊಟ್ಟು, ಪಕ್ಕದಲ್ಲಿ ಲೀಟರಿಗೂ 'ಸಮ್' ಕೊಟ್ಟು, ಒಂದನ್ನು ಇನ್ನೊಂದರಿಂದ ಭಾಗಿಸಿ. ಹಾಲು ಒಕ್ಕೂಟದ ಟ್ಯಾಂಕರ್ ಅಳತೆಗೆ ನಮ್ಮ ಲೆಕ್ಕ ಹೋಲಿಸಬೇಕಾದರೆ ಇದೇ ಅಂಕಿ ಬೇಕು.

ಪದೇ ಪದೇ ಕೇಳುವ ಪ್ರಶ್ನೆಗೆ

ಪ್ರತಿ ಬಟವಾಡೆಗೂ ತಾರೀಖು ತಿದ್ದುತ್ತ ಕೂರಬೇಕಿಲ್ಲ. ದಿನಾಂಕದ ಷರತ್ತಿನಲ್ಲಿ ತಾರೀಖಿನ ಜಾಗಕ್ಕೆ ಕೋಲನ್ ಹಾಕಿ ಅದಕ್ಕೆ ಅಂಟಿಸಿ ಇಂಗ್ಲಿಷ್ ಅಕ್ಷರದಲ್ಲಿ ಒಂದು ಹೆಸರು ಬರೆಯಿರಿ, ನಾನು 'ಶುರು', 'ಕೊನೆ' ಎಂದಿಟ್ಟಿದ್ದೇನೆ. ಕ್ವೆರಿ ತೆರೆದಾಗಲೆಲ್ಲ ಬೇಸ್ ತಾನೇ ಆ ಎರಡು ತಾರೀಖು ಕೇಳುತ್ತದೆ. ರಜೆ ಹಾಕಿದ ದಿನ ಹಾಲು ಪರೀಕ್ಷಕರೇ ಅದನ್ನು ತೆರೆದು ಉತ್ತರ ಕೊಡಬಹುದು.

'ಸ್ವಿಚ್ ಡಿಸೈನ್ ವ್ಯೂ' ಎಂಬ ಗುಂಡಿ ಒತ್ತಿದರೆ ನೀವು ಎಳೆದ ಗೆರೆ, ತುಂಬಿದ ಮನೆಗಳೆಲ್ಲ ಎಸ್‌ಕ್ಯುಎಲ್ ವಾಕ್ಯವಾಗಿ ಕಾಣುತ್ತವೆ. ಮತ್ತೆ ಒತ್ತಿದರೆ ವಾಪಸ್ ಪಟ್ಟಿ. ಓದಲೇಬೇಕೆಂದಿಲ್ಲ. ಆದರೆ ಒಂದು ಷರತ್ತು ಬದಲಿಸಿ, ಆ ವಾಕ್ಯದಲ್ಲಿ ಎಲ್ಲಿ ಏನು ಬದಲಾಯಿತು ಎಂದು ನೋಡುತ್ತಾ ಹೋದರೆ ಆ ಭಾಷೆಯ ಹೆದರಿಕೆ ತಾನಾಗಿ ಇಳಿಯುತ್ತದೆ. ದುಡ್ಡು ಕೊಟ್ಟು ಕ್ಲಾಸಿಗೆ ಹೋಗುವುದಕ್ಕಿಂತ ಇದು ಮೇಲು ಎಂದು ನನಗನ್ನಿಸುತ್ತದೆ.

ಯಾವ ಪಟ್ಟಿಯನ್ನಾದರೂ ನೋಟಿಸ್ ಬೋರ್ಡಿಗೆ ಅಂಟಿಸುವ ಮೊದಲು ಮೂವರ ಪಾಸ್‌ಬುಕ್ ತರಿಸಿಕೊಳ್ಳಿ: ಎರಡೂ ಹೊತ್ತು ತಪ್ಪದೆ ಹಾಕುವವರೊಬ್ಬರು, ಒಂದೇ ಹೊತ್ತು ಹಾಕುವವರೊಬ್ಬರು, ನಡುವೆ ಹಸು ಬತ್ತಿ ತಿಂಗಳುಗಟ್ಟಲೆ ನಿಲ್ಲಿಸಿದ್ದವರೊಬ್ಬರು. ಮೂವರದ್ದೂ ಕೈಯಲ್ಲಿ ಎಣಿಸಿ, ಕ್ವೆರಿಯ ಅಂಕಿಗೆ ತಾಳೆ ನೋಡಿ. ಒಬ್ಬರದ್ದು ಕೂಡದಿದ್ದರೂ ಪಟ್ಟಿ ಹೊರಗೆ ಹೋಗಬಾರದು. ಅದರ ಜೊತೆಗೆ ಇಡೀ ತಿಂಗಳ ಒಟ್ಟು ಲೀಟರನ್ನು ಸಾಫ್ಟ್‌ವೇರಿನ ಸಂಗ್ರಹ ರಿಪೋರ್ಟಿಗೆ ಹೋಲಿಸಿ ಅದೇ ಹಾಳೆಯ ಕೆಳಗೆ ಬರೆದಿಡಿ, ಆಡಿಟರ್ ಮೊದಲು ಕೇಳುವುದು ಅದನ್ನೇ.